ನಡುವಿನ ಕಚ್ಚು

ಆ ಶುಕ್ರವಾರ ಬೆಳಿಗ್ಗೆ ಚಿತ್ತಾಪುರದಲ್ಲಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ನಾಲ್ಕು ಹಾಳೆಯ ಒಂದು ಫಾರ್ಮು ಇತ್ತು. ಕೊನೆಯ ಹಾಳೆಯ ಅಡಿಯಲ್ಲಿ ಎರಡು ಚೌಕ. ಒಂದರ ಮುಂದೆ ‘ಅರ್ಹ’, ಇನ್ನೊಂದರ ಮುಂದೆ ‘ಅನರ್ಹ’. ಚಿಂಚೋಳಿಯಲ್ಲಿ ಮೂವತ್ತು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದ ಒಬ್ಬರ ಹೆಸರಿನ ಕೆಳಗೆ ಸಂಜೆಯೊಳಗೆ ನಾನು ಒಂದು ಚೌಕದಲ್ಲಿ ಗುರುತು ಹಾಕಬೇಕಿತ್ತು. ಅನರ್ಹ ಎಂದರೆ ಒಂದು ತಿಂಗಳು ಅವರು ತಮ್ಮ ಕೌಂಟರಿನ ಹಿಂದೆ ನಿಲ್ಲುವಂತಿಲ್ಲ. ಅಂಗಡಿಯಲ್ಲಿ ಬೇರೆ ಫಾರ್ಮಸಿಸ್ಟ್ ಇಲ್ಲ, ಹಾಗಾಗಿ ಬಾಗಿಲು ಹಾಕಲೇಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಸ್ಸು ಸೇಡಂ ದಾಟುವಷ್ಟರಲ್ಲಿ ಅರ್ಧ ತೀರ್ಮಾನ ಮಾಡಿಬಿಟ್ಟಿದ್ದೆ.

ಇದು ಸರ್ಕಾರದ ಪರೀಕ್ಷೆಯಲ್ಲ, ನಾವೇ ತಲೆಯ ಮೇಲೆ ಎಳೆದುಕೊಂಡದ್ದು. ನೋಂದಣಿ ನವೀಕರಣದ ಸಮಯಕ್ಕೆ ಯಾವುದೋ ಸಭಾಂಗಣದಲ್ಲಿ ಕೂತು ಉಪನ್ಯಾಸ ಕೇಳುತ್ತೇವೆ, ಊಟ ಮಾಡುತ್ತೇವೆ, ಪ್ರಮಾಣಪತ್ರ ಹಿಡಿದುಕೊಂಡು ಬರುತ್ತೇವೆ. ಅದರಿಂದ ನಮಗೆ ಕೆಲಸ ಬರುತ್ತದೆಯೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ಒಂದು ದಿನ ಮಾತಿಗೆ ಮಾತು ಬೆಳೆದು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂರಿನ ಐದು ಅಂಗಡಿಯವರು ಒಬ್ಬರ ಅಂಗಡಿಗೆ ಇನ್ನೊಬ್ಬರು ಹೋಗಿ ಅರ್ಧ ದಿನ ನಿಂತು ನೋಡೋಣ ಎಂದು ಒಪ್ಪಿಕೊಂಡೆವು. ಫೇಲಾದವರು ಒಂದು ತಿಂಗಳು ಬೇರೆಯವರ ಕೌಂಟರಿನಲ್ಲಿ ನಿಂತು ಮತ್ತೆ ಕಲಿಯಬೇಕು. ಐವರೂ ಸಹಿ ಹಾಕಿದೆವು. ಪರೀಕ್ಷೆಗೆ ಮೊದಲು ಯಾರೂ ತಮ್ಮ ಪರೀಕ್ಷಕರ ಜೊತೆ ಮಾತಾಡಬಾರದು ಎಂಬ ನಿಯಮವನ್ನು ಹಟ ಹಿಡಿದು ಸೇರಿಸಿದವಳು ನಾನೇ. ವಶೀಲಿ ಎಂದರೆ ನನಗೆ ಮೈಯೆಲ್ಲ ಉರಿ. ವಾಡಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಚೀಟಿ ಎತ್ತಿದಾಗ ನನ್ನ ಪಾಲಿಗೆ ಚಿಂಚೋಳಿ ಬಂತು. ನನ್ನ ಚೀಟಿ ಸೇಡಂನವರ ಕೈಗೆ ಹೋಯಿತು.

ಸೇಡಂನವರು ಸೋಮವಾರ ನನ್ನ ಅಂಗಡಿಗೆ ಬಂದರು. ಫ್ರಿಜ್ಜಿನ ತಾಪಮಾನ ನೋಡಿದರು, ಅವಧಿ ಮುಗಿದ ಮಾಲು ಬೇರೆ ಇಟ್ಟಿದ್ದೇನೆಯೇ ನೋಡಿದರು, ಹತ್ತು ಪ್ರಶ್ನೆ ಕೇಳಿದರು. ತಪ್ಪುಗಳನ್ನು ಬರೆದಿಡುವ ಪುಸ್ತಕ ಎಲ್ಲಿ ಎಂದಾಗ ಹಿಂದಿನ ದಿನ ತಂದಿದ್ದ ಹೊಸ ನೋಟ್‌ಬುಕ್ ತೆಗೆದು ತೋರಿಸಿದೆ. ಖಾಲಿ ಇತ್ತು. ಅವರು ನಕ್ಕು, ‘ತಪ್ಪುಗಳಿಲ್ಲ’ ಎಂದು ಬರೆದುಕೊಂಡರು. ನನ್ನ ಕಚ್ಚಿನ ಪದ್ಧತಿ ಅವರಿಗೆ ಬಹಳ ಹಿಡಿಸಿತು.

ಕಚ್ಚು ಎಂದರೆ ಕತ್ತರಿಯ ಗುರುತು. ನಮ್ಮ ಕಡೆ ಓದು ಬರದ ಗಿರಾಕಿಗಳು ಬಹಳ. ಗುಳಿಗೆ ಪಟ್ಟಿಯನ್ನು ಬೇಕಾದಷ್ಟೇ ಕತ್ತರಿಸಿ ಕೊಡುತ್ತೇವೆ, ಜೊತೆಗೆ ಅಂಚಿನಲ್ಲಿ ಸಣ್ಣ ಕಚ್ಚು ಹಾಕುತ್ತೇವೆ. ನನ್ನಲ್ಲಿ ಒಂದು ಮೂಲೆಗೆ ಕಚ್ಚು ಹಾಕಿದರೆ ದಿನಕ್ಕೊಂದು, ಎರಡು ಮೂಲೆಗೂ ಹಾಕಿದರೆ ದಿನಕ್ಕೆರಡು. ಪಟ್ಟಿಯ ನಟ್ಟನಡುವೆ ಕಚ್ಚು ಇದ್ದರೆ ವಾರಕ್ಕೆ ಒಂದೇ ಒಂದು. ಕೀಲುಗಳ ಊತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಗೆ ಮಾತ್ರ ಈ ನಡುವಿನ ಕಚ್ಚು. ವಾರಕ್ಕೊಂದು ತಿಂದರೆ ಕೈಕಾಲು ಆಡುತ್ತವೆ. ದಿನಾ ತಿಂದರೆ ಬಾಯಿ ಸುಲಿದು, ರಕ್ತ ಬತ್ತಿ, ಜೀವಕ್ಕೇ ಬರುತ್ತದೆ. ಚಿತ್ತಾಪುರದ ನನ್ನ ಗಿರಾಕಿಗಳಿಗೆ ಈ ಗುರುತು ಬಾಯಿಪಾಠ. ಸೇಡಂನವರು ಅದಕ್ಕೆ ಪೂರ್ತಿ ಅಂಕ ಕೊಟ್ಟು, ಅರ್ಹ ಎಂದು ಗುರುತು ಹಾಕಿ ಹೋದರು. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆಗೆ ಫೋನು ಬಂತು. ಅಂಗಡಿಯಲ್ಲಿ ಜನ ತುಂಬಿದ್ದರು.

“ಮೇಡಂ, ನಾ ಚಿಂಚೋಳಿಯಿಂದ ಮಾತಾಡಾಕತ್ತೀನ್ರಿ. ಮೆಡಿಕಲ್‌ನವ. ಒಂದ್ ಜರೂರಿ...”

ಅಷ್ಟು ಸಾಕಾಯಿತು ನನಗೆ. “ಪರೀಕ್ಷಾ ಶುಕ್ರವಾರ ಅದರಿ. ಅದಕ್ಕೂ ಮದ್ಲ ನಿಮ್ಮ ಜೋಡಿ ನಾ ಮಾತಾಡಂಗಿಲ್ಲ” ಎಂದು ಕಟ್ ಮಾಡಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು. ಎತ್ತಿದವಳೇ, “ನಾಚಿಕಿ ಅನ್ನೋದು ಅದ ಇಲ್ಲ ನಿಮಗ?” ಎಂದು ಕೇಳಿ, ನಂಬರನ್ನೇ ಬ್ಲಾಕ್ ಮಾಡಿದೆ. ಆಮೇಲೆ ಫಾರ್ಮು ತೆಗೆದು ಮೊದಲ ಹಾಳೆಯ ಮೇಲೆ, ‘ಪರೀಕ್ಷೆಗೆ ಮೊದಲೇ ಪರೀಕ್ಷಕರನ್ನು ಎರಡು ಬಾರಿ ಸಂಪರ್ಕಿಸಿದ್ದಾರೆ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಕೆಳಗೆ ವಾರ, ವೇಳೆ ಎರಡನ್ನೂ ಹಾಕಿದೆ. ಇಂಥದ್ದರಲ್ಲಿ ನಾನು ಬಲು ಚೊಕ್ಕ.

ಚಿಂಚೋಳಿಯ ಅವರ ಅಂಗಡಿ ಚಂದಾಪುರದ ಕಡೆ ಹೋಗುವ ರಸ್ತೆಯಲ್ಲಿತ್ತು. ಅರವತ್ತು ದಾಟಿದ ಮನುಷ್ಯ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು. ಊರಿಗೆಲ್ಲ ಅವರು ಚಾಚಾ. ನನ್ನನ್ನು ಕಂಡವರೇ ಎದ್ದು ನಿಂತು, “ಬರ್ರಿ ಮೇಡಂ, ಕುಂದ್ರಿ. ಚಾ ತರಸ್ತೀನಿ” ಎಂದರು.

“ಚಾ ಬ್ಯಾಡ್ರಿ.”

“ಹಂಗಾದ್ರ ನೀರರೆ ಕುಡೀರಿ. ಶುರು ಮಾಡೂದಕ್ಕಿಂತ ಮದ್ಲ ನಿಮಗ ಒಂದ್ ಮಾತು ಹೇಳೂದಿತ್ತು.”

“ಪರೀಕ್ಷಾ ಮುಗಿಯೋತನಕ ಬ್ಯಾರೆ ಮಾತು ಬ್ಯಾಡ್ರಿ. ಮೂರು ದಿನದಿಂದ ಅದೇ ನಡದದ ನಿಮ್ಮದು.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ನಂತರ ತಲೆ ತಗ್ಗಿಸಿ ಕೌಂಟರಿನ ಹಿಂದೆ ಹೋದರು. ಅಂಜಿದ್ದಾರೆ ಎಂದುಕೊಂಡೆ. ಸುಳ್ಳು ಹೇಳುವುದೇಕೆ, ನನಗೆ ಖುಷಿಯಾಯಿತು.

ಸ್ಟೂಲಿನ ಮೇಲೆ ಕೂತು ಬೆಳಿಗ್ಗೆಯೆಲ್ಲ ಅವರನ್ನು ಸುಲಿದೆ. ಸಕ್ಕರೆ ಕಾಯಿಲೆಯವರು ಉಪವಾಸ ಹಿಡಿದರೆ ಗುಳಿಗೆ ಹೇಗೆ ಎಂದು ಕೇಳಿದೆ. ಡಾಕ್ಟರಿಗೆ ಕೇಳದೆ ತಾನು ಬದಲಾಯಿಸುವುದಿಲ್ಲ, ರಂಜಾನಿಗೆ ಹದಿನೈದು ದಿನ ಮೊದಲೇ ಅವರನ್ನು ಡಾಕ್ಟರ ಬಳಿ ಕಳಿಸುತ್ತೇನೆ ಎಂದರು. ಹೊಸ ಔಷಧಿಗಳ ಬಗ್ಗೆ ಕೇಳಿದೆ. ಎರಡಕ್ಕೆ ತಡವರಿಸಿ, ಗೊತ್ತಿಲ್ಲ ಎಂದು ಒಪ್ಪಿಕೊಂಡರು. ನಾನು ಅಂಕ ಕಳೆದೆ. ಒಬ್ಬ ಮುದುಕಿಗೆ ಔಷಧಿ ಕೊಟ್ಟು, ಹೇಗೆ ತಗೊಳ್ಳಬೇಕು ಎಂದು ಅವಳ ಬಾಯಿಂದಲೇ ಹೇಳಿಸಿದರು. ಅವಳು ತಪ್ಪಿದಾಗ ಮತ್ತೆ ಹೇಳಿಸಿದರು. ಹಿಂದೆ ಆರು ಜನ ಸಾಲು ನಿಂತಿದ್ದರು. ‘ಗಿರಾಕಿಗಳನ್ನು ಬಹಳ ಕಾಯಿಸುತ್ತಾರೆ’ ಎಂದು ಬರೆದೆ. ಅವರೂ ಪಟ್ಟಿಗೆ ಕಚ್ಚು ಹಾಕುತ್ತಿದ್ದರು. ಕಚ್ಚು ಅಂದರೆ ಕಚ್ಚೇ, ಅದರಲ್ಲಿ ಕೇಳುವುದೇನಿದೆ ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಲೆಕ್ಕದಲ್ಲಿ ಅವರು ಗೆರೆಯ ಮೇಲೆ ನಿಂತಿದ್ದರು. ಫೋನಿನ ವಿಷಯ ಸೇರಿಸಿದರೆ ಗೆರೆಯ ಕೆಳಗೆ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು.

“ನಿಮ್ಮಲ್ಲಿ ಆದ ತಪ್ಪು ಬರದಿಡ್ತೀರೇನು?”

ಚಾಚಾ ಔಷಧಿಗೆ ನಿಂತಿದ್ದ ಇಬ್ಬರನ್ನು ಕಳಿಸಿದರು. ಷಟರನ್ನು ಸೊಂಟದ ಮಟ್ಟಕ್ಕೆ ಇಳಿಸಿದರು. ನನಗೆ ಅದು ಸರಿಬರಲಿಲ್ಲ. “ಬಾಗಿಲಾ ಯಾಕ ಹಾಕ್ತೀರಿ?” ಎಂದು ಜೋರಾಗಿಯೇ ಕೇಳಿದೆ.

“ಮಂದಿ ಮುಂದ ಬ್ಯಾಡಂತ ಹಾಕೀನ್ರಿ” ಎಂದು, ಖಾನೆಯಿಂದ ರಟ್ಟು ಹರಿದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಮುಕ್ಕಾಲು ಪಾಲು ತುಂಬಿತ್ತು. ಯಾರಿಗೋ ಎರಡು ಗುಳಿಗೆ ಕಡಿಮೆ ಕೊಟ್ಟದ್ದು, ಮಗುವಿನ ಸಿರಪ್ಪಿಗೆ ದೊಡ್ಡ ಚಮಚ ಕೊಟ್ಟದ್ದು, ಹೀಗೆ ವರ್ಷಗಟ್ಟಲೆ. “ಕಡೀ ಹಾಳಿ ನೋಡ್ರಿ” ಎಂದರು.

ಕೊನೆಯ ಹಾಳೆಗೆ ಗುಳಿಗೆ ಪಟ್ಟಿಯ ಒಂದು ತುಂಡನ್ನು ಪಿನ್ನು ಹೊಡೆದು ಸಿಕ್ಕಿಸಿದ್ದರು. ಎಂಟರ ತುಂಡು. ಆರು ಗೂಡು ಖಾಲಿ, ಎರಡರಲ್ಲಿ ಸಣ್ಣ ಹಳದಿ ಗುಳಿಗೆ. ಹೆಸರಿದ್ದ ಭಾಗ ಕತ್ತರಿಸಿ ಹೋಗಿತ್ತು. ನಟ್ಟನಡುವೆ ಒಂದು ಕಚ್ಚು. ಕೆಳಗೆ ಮಡಿಚಿಟ್ಟ ಕಾಗದದ ಕವರಿನ ಮೇಲೆ ನನ್ನ ಅಂಗಡಿಯ ಮುದ್ರೆ, ನನ್ನ ಫೋನ್ ನಂಬರು.

ನನಗೆ ನೆನಪಾಗಲು ಹೊತ್ತು ಹಿಡಿಯಲಿಲ್ಲ. ಹಿಂದಿನ ವಾರ ದಂಡೋತಿ ಹಳ್ಳಿಯ ಒಬ್ಬ ತನ್ನ ಅತ್ತೆಯ ಚೀಟಿ ತಂದಿದ್ದ. ಮಗಳ ಮನೆಗೆ ಬಂದಿದ್ದಾಕೆಯನ್ನು ಚಿತ್ತಾಪುರಕ್ಕೆ ಬಂದಿದ್ದ ಕೀಲಿನ ಡಾಕ್ಟರಿಗೆ ತೋರಿಸಿದ್ದರು. ಎರಡು ತಿಂಗಳಿಗೆ ಎಂಟು ಗುಳಿಗೆ. “ಸೋಮವಾರಕ್ಕೊಂದು, ವಾರಕ್ಕ ಒಂದೇ” ಎಂದು ಅಳಿಯನಿಗೆ ಹೇಳಿದ್ದೆ. ಅವನು ಗಡಿಬಿಡಿಯಲ್ಲಿದ್ದ, ಶಹಾಬಾದಿನ ಪರ್ಸಿ ಕಲ್ಲಿನ ಕೆಲಸಕ್ಕೆ ಹೋಗಬೇಕಿತ್ತು. ಇರಲಿ, ಕಚ್ಚು ಹಾಕಿದ್ದೇನಲ್ಲ ಎಂದು ನಾನೂ ಮುಂದಿನ ಗಿರಾಕಿಯ ಕಡೆ ತಿರುಗಿದ್ದೆ.

“ನಮ್ಮ ಕಡಿ ಈ ಗುರ್ತು ಬ್ಯಾರೆ ಅದರಿ” ಎಂದರು ಚಾಚಾ. ಒಂದು ಖಾಲಿ ಪಟ್ಟಿ ತೆಗೆದುಕೊಂಡು ಬೆರಳಿಟ್ಟು ತೋರಿಸಿದರು. “ಎಡಕ್ಕ ಕಚ್ಚು ಅಂದ್ರ ಮುಂಜಾನಿ. ಬಲಕ್ಕ ಅಂದ್ರ ರಾತ್ರಿ. ನಡುವ ಅಂದ್ರ ಮಧ್ಯಾನ್ನ. ಆಕಿ ಚಂದಾಪುರದಾಕಿ, ಹನ್ನೆರಡು ವರ್ಷದಿಂದ ನನ್ನ ಬಲ್ಲಿ ಬಿಪಿ ಗುಳಿಗಿ ಒಯ್ತಾಳ. ನಾನೇ ಕಲಿಸೀನಿ ಆಕಿಗಿ. ಅಳಿಯ ಚೀಲ ಕೈಯಾಗ ಕೊಟ್ಟು ಬಸ್ ಹತ್ತಿಸ್ಯಾನ, ಏನೂ ಹೇಳಿಲ್ಲ. ಆಕಿ ಕಚ್ಚು ನೋಡ್ಯಾಳ, ದಿನಾ ಮಧ್ಯಾನ್ನ ಉಂಡು ಒಂದೊಂದು ನುಂಗ್ಯಾಳ.”

ಆರು ಖಾಲಿ ಗೂಡು. ಎಣಿಸಿದೆ, ಮತ್ತೆ ಎಣಿಸಿದೆ. “ಅದಾಳಿಲ್ಲೋ?” ಎಂದು ಕೇಳಿದೆ.

“ಕಲಬುರಗಿ ದವಾಖಾನಿಯಾಗ ಅದಾಳ್ರಿ. ರಕ್ತ ಭಾಳ ಇಳದದ, ಇನ್ನಾ ಏನೂ ಹೇಳಾಕ ಆಗೂದಿಲ್ಲ ಅಂದಾರಂತ ಡಾಕ್ಟರು. ನಿನ್ನಿ ಎರಡು ಗುಟುಕು ಗಂಜಿ ಕುಡದಾಳ ಅಂತ ಆಕಿ ಮಗ ಫೋನ್ ಮಾಡಿದ್ದ.”

ಆಗ ಪಟ್ಟಿಯ ಪಕ್ಕದಲ್ಲಿದ್ದ ಅವರ ಬರಹ ಓದಿದೆ. ಮಂಗಳವಾರ. ಬಾಯಿ ಹುಣ್ಣಿಗೆ ಮುಲಾಮು ಕೇಳಲು ಬಂದಳು. ನೀರು ಸಹ ನುಂಗಲು ಆಗುತ್ತಿಲ್ಲ, ಮೈ ಬಿಸಿ ಇದೆ. ಮುಲಾಮು ಕೊಡಲಿಲ್ಲ. ಯಾವ ಗುಳಿಗೆ ತಿನ್ನುತ್ತಿದ್ದಾಳೆಂದು ಕೇಳಿ, ಅವಳ ಮಗನನ್ನು ಕಳಿಸಿ ತರಿಸಿದೆ. ಹೆಸರಿಲ್ಲ. ಕವರಿನ ನಂಬರಿಗೆ ಫೋನು ಮಾಡಿದೆ, ಹನ್ನೆರಡೂವರೆ. ಉತ್ತರ ಸಿಗಲಿಲ್ಲ. ಮತ್ತೆ ಮಾಡಿದೆ. ಸಿಗಲಿಲ್ಲ. ಅಂಗಡಿ ಮುಚ್ಚಿ ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಹಳದಿ ಗುಳಿಗೆ, ಕೀಲು ನೋವು, ಬಾಯಿ ಹುಣ್ಣು, ಮೂರನ್ನೂ ಕೂಡಿಸಿ ಇದು ವಾರದ ಗುಳಿಗೆ ಇರಬೇಕೆಂದು ಡಾಕ್ಟರಿಗೆ ಹೇಳಿದೆ. ಅವರು ಒಪ್ಪಿ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು.

ಕೊನೆಯ ಸಾಲು ಹೀಗಿತ್ತು: ತಪ್ಪು ನನ್ನದು. ನನ್ನ ಕಚ್ಚು ಎಲ್ಲ ಊರಲ್ಲೂ ನಡೆಯುತ್ತದೆ ಎಂದು ತಿಳಿದಿದ್ದೆ, ಬೇರೆ ಅಂಗಡಿಯ ಪಟ್ಟಿ ಮೊದಲು ನನಗೆ ತೋರಿಸು ಎಂದು ಆಕೆಗೆ ಹೇಳಿರಲಿಲ್ಲ.

‘ಉತ್ತರ ಸಿಗಲಿಲ್ಲ.’ ನಾಚಿಕೆ ಇದೆಯೋ ಇಲ್ಲವೋ ಎಂದು ನಾನು ಅವರನ್ನು ಕೇಳಿದ್ದನ್ನು ಅವರು ಬರೆದಿರಲಿಲ್ಲ. ನನ್ನ ಫಾರ್ಮು ತೊಡೆಯ ಮೇಲಿತ್ತು. ಅದರ ಮೊದಲ ಹಾಳೆಯಲ್ಲೂ ಅದೇ ಮಂಗಳವಾರ, ಅದೇ ಹನ್ನೆರಡೂವರೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

“ಮೇಡಂ, ಅಳೂದು ಆಮ್ಯಾಲ” ಎಂದರು ಚಾಚಾ. “ಇಂಥ ಪಟ್ಟಿ ಇನ್ನ ಎಷ್ಟ್ ಮಂದಿಗಿ ಕೊಟ್ಟೀರಿ? ಅದನ್ನ ಕೇಳೂದಿತ್ತು ನನಗ ಮುಂಜಾನಿಂದ.”

ನಾಲ್ವರಿಗೆ ಕೊಟ್ಟಿದ್ದೆ. ಅವರ ಕೌಂಟರಿನಲ್ಲೇ ನಿಂತು ಒಬ್ಬೊಬ್ಬರಿಗೆ ಫೋನು ಹಚ್ಚಿದೆ. ಅವಸರದಲ್ಲಿ ಎರಡು ಸಲ ತಪ್ಪು ನಂಬರು ಒತ್ತಿದೆ. ಚಿತ್ತಾಪುರದ ಮೂವರು ಸಿಕ್ಕರು, ಸರಿಯಾಗಿ ತಿನ್ನುತ್ತಿದ್ದರು. ನಾಲ್ಕನೆಯಾಕೆ ದಂಡೋತಿಯವಳು, ಎತ್ತಲಿಲ್ಲ. ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಹಚ್ಚಿದೆ. ಎತ್ತದ ಫೋನಿನ ಈಚೆ ಬದಿಯಲ್ಲಿ ನಿಂತವರ ಪಾಡೇನೆಂದು ಆ ಅರ್ಧ ಗಂಟೆಯಲ್ಲಿ ನನಗೆ ಗೊತ್ತಾಯಿತು. ಕೊನೆಗೆ ಅವಳೇ ಮಾಡಿದಳು. ಕಾಗಿಣಾ ನದಿ ದಂಡೆಯ ಹೊಲದಲ್ಲಿದ್ದಳಂತೆ. “ವಾರಕ್ಕ ಒಂದರಿ ಅಕ್ಕಾ, ನೀವೇ ಹೇಳೀರಲ್ಲ” ಎಂದಳು. ಚಾಚಾ ಷಟರು ಎತ್ತಿ ಚಹಾಕ್ಕೆ ಹೇಳಿದರು.

ಭಾನುವಾರ ವಾಡಿಯ ಅದೇ ಹೋಟೆಲಿನಲ್ಲಿ ಐವರೂ ಸೇರಿದೆವು. ನನ್ನ ಸರದಿ ಬಂದಾಗ ಚಾಚಾರ ಫಾರ್ಮು ಓದಿದೆ. ಮೊದಲ ಹಾಳೆಯ ದಪ್ಪ ಅಕ್ಷರದ ಸಾಲನ್ನು ಹೊಡೆದು ಹಾಕಿದ್ದೆ, ಆದರೂ ಅದು ಏನೆಂದು ಓದಿ ಹೇಳಿದೆ. ಆಮೇಲೆ ಮಂಗಳವಾರದ್ದೆಲ್ಲವನ್ನೂ ಹೇಳಿದೆ. ಅರ್ಹ ಎಂಬ ಚೌಕದಲ್ಲಿ ಗುರುತು ಹಾಕಿ ಫಾರ್ಮನ್ನು ಮೇಜಿನ ಮೇಲಿಟ್ಟೆ. ನಂತರ ಸೇಡಂನವರ ಕಡೆ ತಿರುಗಿ, ನನ್ನ ಫಾರ್ಮನ್ನು ತಿದ್ದಿರಿ ಎಂದೆ.

ಅವರು ಒಪ್ಪಲಿಲ್ಲ. “ಎಲ್ಲಾ ಬರೋಬ್ಬರಿ ಇತ್ತಲ್ರಿ ಅವತ್ತ, ನಾನೇ ನೋಡೀನಿ” ಎಂದರು. ಶಹಾಬಾದಿನವರು ಮೆಲ್ಲಗೆ, ಹೊರಗೆ ಗೊತ್ತಾದರೆ ನಮ್ಮ ಐವರ ಹೆಸರೂ ಕೆಡುತ್ತದೆ ಎಂದರು. ನನ್ನ ಸಿಟ್ಟು ಅಲ್ಲಿಯೂ ಬಂತು. “ಆಕಿ ಇನ್ನಾ ದವಾಖಾನಿಯಾಗ ಅದಾಳ, ನೀವು ಹೆಸರಿನ ಮಾತಾಡಾಕತ್ತೀರಿ” ಎಂದು ಮೇಜು ಗುದ್ದಿದೆ. ಚಹಾ ಚೆಲ್ಲಿತು. ಕೊನೆಗೆ ಸೇಡಂನವರು ತಲೆ ಎತ್ತದೆ ಹಳೆಯ ಗುರುತು ಹೊಡೆದು, ‘ಅನರ್ಹ’ ಎಂಬ ಚೌಕದಲ್ಲಿ ಗುರುತು ಹಾಕಿದರು. ಯಾರ ಕೌಂಟರಿಗೆ ಹೋಗುತ್ತೀರಿ ಎಂದು ಕೇಳಿದರು. ಚಿಂಚೋಳಿ ಎಂದೆ.

ನನ್ನ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿ, ದಿನಾ ಬೆಳಿಗ್ಗೆ ಬಸ್ಸು ಹಿಡಿದೆ. ಆ ತಿಂಗಳಲ್ಲಿ ಕಲಬುರಗಿಯ ದವಾಖಾನೆಗೂ ಒಮ್ಮೆ ಹೋಗಿದ್ದೆ. ವಾರ್ಡಿನ ಬಾಗಿಲಿನವರೆಗೆ ಹೋಗಿ, ಒಳಗೆ ಕಾಲಿಡಲು ಧೈರ್ಯ ಸಾಲದೆ, ಆಕೆಯ ಮಗನ ಕೈಗೆ ಹಣ್ಣು ಕೊಟ್ಟು ತಿರುಗಿ ಬಂದೆ. ನಾನು ಯಾರೆಂದು ಅವನಿಗೂ ಹೇಳಲಿಲ್ಲ. ಚಿಂಚೋಳಿಯಲ್ಲಿ ಚಾಚಾ ನನಗೆ ದೊಡ್ಡ ಪಾಠವೇನೂ ಮಾಡಲಿಲ್ಲ. ಪಟ್ಟಿಯ ಹೆಸರು ಕತ್ತರಿಸದಂತೆ ಉಲ್ಟಾ ಬದಿಯಿಂದ ಕತ್ತರಿಸುವುದು, ಕಚ್ಚು ಬಿಟ್ಟು ಕವರಿನ ಮೇಲೆ ವಾರದ ಹೆಸರು ಬರೆದು ಪಕ್ಕದಲ್ಲಿ ಚಿತ್ರ ಹಾಕುವುದು, ಗಿರಾಕಿಯ ಬಾಯಿಂದಲೇ ಹೇಳಿಸುವುದು, ಇಷ್ಟೇ. ಇದರಲ್ಲಿ ಚಿತ್ರದ್ದು ಮಾತ್ರ ನಾವಿಬ್ಬರೂ ಕೂಡಿ ಮಾಡಿದ ಹೊಸ ಪದ್ಧತಿ.

ಮೂರನೆಯ ವಾರದ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ಸೆರಗು ತಲೆಯ ಮೇಲೆ, ಕುಪ್ಪಸದ ತೋಳು ಸಡಿಲ, ತುಟಿಯ ಅಂಚಿನಲ್ಲಿ ಇನ್ನೂ ಕಪ್ಪು ಕಲೆ. “ಚಾಚಾ, ಬಿಪಿ ಗುಳಿಗಿ” ಎಂದಳು. ಚಾಚಾ ನನ್ನ ಕಡೆ ನೋಡಿದರು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಗುಳಿಗೆ ತೆಗೆದೆ, ಕತ್ತರಿಸಿದೆ, ಕವರಿನ ಮೇಲೆ ಮುಂಜಾನೆಗೆಂದು ಹುಟ್ಟುವ ಸೂರ್ಯನ ಚಿತ್ರ ಹಾಕಿದೆ. ಕೊಡುವ ಮೊದಲು ಹೇಳಬೇಕಿತ್ತು, ಹೇಳಿದೆ. “ಅವ್ವಾ, ಆ ಹಳದಿ ಗುಳಿಗಿ ಚಿತ್ತಾಪುರದಾಗ ಕೊಟ್ಟಾಕಿ ನಾನೇ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಗುರ್ತು ತಪ್ಪಾತು ಅಂತ ಚಾಚಾ ಹೇಳ್ಯಾನ. ಅದಿರಲಿ” ಎಂದಳು. “ನಾ ಇಲ್ಲೇ ಈ ಕಟ್ಟಿ ಮ್ಯಾಲ ಕುಂತಿದ್ದೆ. ಬಾಯಿ ಉರಿಲಿಕತ್ತಿತ್ತು. ಅಂವ ನಿನಗ ಎರಡು ಸಲ ಫೋನ್ ಮಾಡಿದ. ಯಾಕ ಕಟ್ ಮಾಡಿದಿ?”

“ತಮ್ಮ ಸಲುವಾಗಿ ಮಾಡಾಕತ್ಯಾರ ಅಂತ ತಿಳಕೊಂಡೆವ್ವಾ.”

“ನನ್ನ ಸಲುವಾಗಿ ಮಾಡಿದ್ನಲ್ಲವಾ ಅಂವ.”

ಕವರನ್ನು ಎರಡೂ ಕೈಯಿಂದ ಮುಂದೆ ಚಾಚಿ, ದಿನಾ ಮುಂಜಾನೆ ಒಂದು ಎಂದೆ. ಮುಂಜಾನೆ ಒಂದು ಎಂದು ಅವಳೂ ಹೇಳಿದಳು. ಕವರು ತೆಗೆದುಕೊಂಡು ತಿರುಗಿಸಿ ನೋಡಿದಳು. ನಂತರ ಅದನ್ನು ಚೀಲಕ್ಕೆ ಹಾಕದೆ, ನನ್ನ ಪಕ್ಕದಲ್ಲಿ ನಿಂತಿದ್ದ ಚಾಚಾರ ಮುಂದೆ ಹಿಡಿದಳು.

“ನೀ ಒಂದ್ಸಲ ನೋಡಿ ಕೊಡು, ಚಾಚಾ.”

ಚಾಚಾ ಕನ್ನಡಕ ಹಾಕಿಕೊಂಡರು. ಪಟ್ಟಿ ಹೊರಗೆ ತೆಗೆದರು, ಹೆಸರು ಓದಿದರು, ಗುಳಿಗೆಗಳನ್ನು ಒಂದೊಂದಾಗಿ ಎಣಿಸಿದರು. ನಾನು ಕೌಂಟರಿನ ಅಂಚು ಹಿಡಿದುಕೊಂಡು, ಅವರು ಏನು ಹೇಳುತ್ತಾರೋ ಎಂದು ಕಾಯುತ್ತಾ ನಿಂತೆ.